ಜಪಾನಿನ ಗೇಕೊ ನೃತ್ಯಕ್ಕೆ ಇಲ್ಲಿಂದಲೇ ಟಿಕೆಟ್ ಸಿಗುತ್ತದೆಯೇ? ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು

ಚೆರ್ರಿ ಹೂವಿನ ಕಾಲ ಹತ್ತಿರ ಬಂದಂತೆ ಪ್ರವಾಸದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಜಪಾನಿನ ಸಲಹೆಗಳು ಹರಿದಾಡತೊಡಗುತ್ತವೆ. ಕ್ಯೋಟೊ ನಗರದ ಸಾಂಪ್ರದಾಯಿಕ ನೃತ್ಯದ ಬಗ್ಗೆ ಬರುವ ಮಾತುಗಳು ಹೆಚ್ಚುಕಡಿಮೆ ಹೀಗಿರುತ್ತವೆ: ‘ಹೊರದೇಶದವರಿಗೆ ಟಿಕೆಟ್ ಕೊಡುವುದಿಲ್ಲ’, ‘ಅಲ್ಲಿನ ಏಜೆಂಟ್ ಇಲ್ಲದೆ ಆಗದು’, ‘ನಮ್ಮ ಕಾರ್ಡ್ ನಡೆಯುವುದಿಲ್ಲ’, ‘ಅದು ಮನೆಮಂದಿ ಕೂತು ನೋಡುವಂಥದ್ದಲ್ಲ’.

ಇವನ್ನು ನಂಬಿದವರು ಒಂದೋ ಒಳ್ಳೆಯ ಪ್ರದರ್ಶನವನ್ನು ಕಳೆದುಕೊಳ್ಳುತ್ತಾರೆ, ಇಲ್ಲವೇ ಗುರುತಿಲ್ಲದವರಿಗೆ ಹಣ ಕೊಟ್ಟು ಕೈಸುಟ್ಟುಕೊಳ್ಳುತ್ತಾರೆ. ಹಾಗಾಗಿ ಈ ಮಾತುಗಳನ್ನು ನಾವು ಒಂದೊಂದಾಗಿ ಪರಿಶೀಲಿಸಿದ್ದೇವೆ.

ಮೊದಲು, ಇದು ಯಾವ ನೃತ್ಯ?

ನಾವು ಉದಾಹರಣೆಯಾಗಿ ತೆಗೆದುಕೊಂಡಿರುವುದು ‘ಮಿಯಾಕೊ ಒಡೊರಿ’. ಮಿಯಾಕೊ ಎಂದರೆ ರಾಜಧಾನಿ, ಒಡೊರಿ ಎಂದರೆ ಕುಣಿತ. 1869ರಲ್ಲಿ ಜಪಾನಿನ ರಾಜಧಾನಿ ಟೋಕಿಯೊಗೆ ಹೋದ ಮೇಲೆ ಕ್ಯೋಟೊ ಮಂಕಾಯಿತು. ಊರಿಗೆ ಮತ್ತೆ ಕಳೆ ತರಲು ಅಲ್ಲಿನವರು ವಸ್ತುಪ್ರದರ್ಶನ ನಡೆಸಿದರು. ಅದರ ಅಂಗವಾಗಿ 1872ರಲ್ಲಿ ಈ ನೃತ್ಯ ಶುರುವಾಯಿತು. ಅದಕ್ಕೆ ನೃತ್ಯ ಸಂಯೋಜಿಸಿದವರು ಇನೋಯೆ ಶೈಲಿಯ ಗುರು ಮೂರನೆಯ ಇನೋಯೆ ಯಾಚಿಯೊ. ಇಂದಿಗೂ ಇಲ್ಲಿ ಅದೇ ಶೈಲಿ ನಡೆದುಬಂದಿದೆ.

ಪ್ರದರ್ಶನ ಏಪ್ರಿಲ್ ತಿಂಗಳಲ್ಲಿ, ಗಿಯೊನ್ ಕೋಬು ಬಡಾವಣೆಯ ಕಬುರೆಂಜೊ ಎಂಬ ರಂಗಮಂದಿರದಲ್ಲಿ ನಡೆಯುತ್ತದೆ. ಭೂಕಂಪ ತಡೆಯುವಂತೆ ಬಲಪಡಿಸುವ ಕೆಲಸಕ್ಕಾಗಿ ಕೆಲವು ವರ್ಷ ಮುಚ್ಚಿದ್ದ ಈ ಕಟ್ಟಡದಲ್ಲಿ 2023ರಿಂದ ಮತ್ತೆ ನೃತ್ಯ ನಡೆಯುತ್ತಿದೆ. ಒಂದು ಆಟ ಸುಮಾರು ಒಂದು ಗಂಟೆಯದು. ಎಂಟು ದೃಶ್ಯಗಳಲ್ಲಿ ವಸಂತದಿಂದ ಚಳಿಗಾಲದವರೆಗೆ ಋತುಗಳು ಸಾಗಿ, ಕೊನೆಗೆ ಮತ್ತೆ ಚೆರ್ರಿ ಹೂವಿಗೆ ಬಂದು ನಿಲ್ಲುತ್ತವೆ. ಪರದೆ ಎಳೆದು ದೃಶ್ಯ ಬದಲಿಸುವ ಪದ್ಧತಿ ಇಲ್ಲಿಲ್ಲ. ನೋಡುನೋಡುತ್ತಲೇ ರಂಗ ಬದಲಾಗುತ್ತದೆ. ಭಾಷೆ ಬಾರದಿದ್ದರೂ ನೋಡಿ ಖುಷಿಪಡಬಹುದು.

ಕ್ಯೋಟೊದಲ್ಲಿ ಇಂಥ ಐದು ಕಲಾವಿದೆಯರ ಬಡಾವಣೆಗಳಿವೆ. ಏಪ್ರಿಲ್‌ನಲ್ಲಿ ಹೋಗಲಾಗದವರಿಗೆ ಮೇ ತಿಂಗಳಲ್ಲಿ ಪೊಂಟೊಚೊ ಬಡಾವಣೆಯ ‘ಕಮೊಗಾವಾ ಒಡೊರಿ’, ನವೆಂಬರ್‌ನಲ್ಲಿ ಗಿಯೊನ್ ಹಿಗಾಶಿಯ ‘ಗಿಯೊನ್ ಒಡೊರಿ’ ಇದೆ.

ಹೇಳಿಕೆ 1: ವಿದೇಶಿಯರಿಗೆ ಟಿಕೆಟ್ ಕೊಡುವುದಿಲ್ಲ
ವಾಸ್ತವ: ತಪ್ಪು. ಆದರೆ ಈ ಮಾತು ಹುಟ್ಟಲು ಕಾರಣವಿದೆ.

ಗಿಯೊನ್‌ನಲ್ಲಿ ‘ಒಚಾಯ’ ಎಂಬ ಚಹಾಮನೆಗಳಿವೆ. ಗೇಕೊಗಳು (ಕ್ಯೋಟೊದಲ್ಲಿ ಗೇಶಾಗಳನ್ನು ಕರೆಯುವ ಹೆಸರು) ಮತ್ತು ಕಲಿಕೆಯ ಹಂತದಲ್ಲಿರುವ ಮೈಕೊಗಳು ಅಲ್ಲಿ ಸಣ್ಣ ಗುಂಪಿನ ಅತಿಥಿಗಳ ಮುಂದೆ ಹಾಡಿ ಕುಣಿಯುತ್ತಾರೆ. ಪರಿಚಯವಿಲ್ಲದ ಹೊಸಬರಿಗೆ ಅಲ್ಲಿ ಪ್ರವೇಶವಿಲ್ಲ ಎಂಬುದು ಹಳೆಯ ಪದ್ಧತಿ. ಜಪಾನಿನವರೇ ಆದರೂ ಹಳೆಯ ಗಿರಾಕಿಯೊಬ್ಬರು ಕರೆದುಕೊಂಡು ಹೋಗಬೇಕು. ಬಿಲ್ಲು ಆಮೇಲೆ ಬರುವ ಈ ಮನೆಗಳಲ್ಲಿ ನಂಬಿಕೆಯ ಮೇಲೆಯೇ ವ್ಯವಹಾರ.

ಮಿಯಾಕೊ ಒಡೊರಿ ಹಾಗಲ್ಲ. ಶುರುವಾದದ್ದೇ ಹೊರಗಿನ ಜನರನ್ನು ಊರಿಗೆ ಕರೆಯಲು. ದುಡ್ಡು ಕೊಟ್ಟು ಟಿಕೆಟ್ ಕೊಂಡ ಯಾರು ಬೇಕಾದರೂ ನೋಡಬಹುದು. ಚಹಾಮನೆಯ ನಿಯಮವನ್ನು ರಂಗಮಂದಿರಕ್ಕೂ ಅಂಟಿಸಿದ್ದರಿಂದ ಈ ಗೊಂದಲ ಹುಟ್ಟಿದೆ. ಅಧಿಕೃತ ಜಾಲತಾಣದಲ್ಲಿ ಇಂಗ್ಲಿಷ್ ಪುಟವಿದೆ. ಅಲ್ಲಿಂದಲೇ ಸೀಟು ಕಾಯ್ದಿರಿಸಬಹುದು.

ಹೇಳಿಕೆ 2: ನಮ್ಮ ಕಾರ್ಡ್ ಅಲ್ಲಿ ನಡೆಯುವುದಿಲ್ಲ
ವಾಸ್ತವ: ಅರ್ಧ ಸತ್ಯ.

ತೊಂದರೆ ಅನೇಕ ಸಲ ಇರುವುದು ನಮ್ಮ ಕಾರ್ಡಿನ ಸೆಟ್ಟಿಂಗ್‌ನಲ್ಲಿ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ಮತ್ತು ಆನ್‌ಲೈನ್ ಪಾವತಿ ಮುಚ್ಚಿಯೇ ಬರುತ್ತದೆ. ಬ್ಯಾಂಕಿನ ಆ್ಯಪ್‌ಗೆ ಹೋಗಿ ನಾವೇ ತೆರೆಯಬೇಕು. ಅಲ್ಲೇ ಮಿತಿಯನ್ನೂ ನಿಗದಿಮಾಡಬಹುದು. ಟಿಕೆಟ್ ಬೆಲೆಗಿಂತ ತುಸು ಹೆಚ್ಚಿಗೆ ಮಿತಿ ಇಟ್ಟು, ಕೆಲಸ ಮುಗಿದ ಕೂಡಲೇ ಮತ್ತೆ ಮುಚ್ಚಿಬಿಡಿ.

ಇನ್ನೊಂದು ತೊಡಕು ಜಪಾನಿನ ಕಡೆಯದು. ಅಲ್ಲಿನ ಕೆಲವು ಟಿಕೆಟ್ ಮಾರಾಟ ತಾಣಗಳು ಜಪಾನಿನ ಮೊಬೈಲ್ ಸಂಖ್ಯೆ, ಅಲ್ಲಿನ ವಿಳಾಸ, ಜಪಾನಿ ಲಿಪಿಯಲ್ಲಿ ಹೆಸರು ಕೇಳುತ್ತವೆ. ಹಣವನ್ನು ಅಲ್ಲಿನ ದಿನಸಿ ಅಂಗಡಿಯಲ್ಲಿ ಕಟ್ಟಿ ಎನ್ನುವುದೂ ಉಂಟು. ಇವು ಸ್ಥಳೀಯರಿಗೆಂದು ಮಾಡಿದ ತಾಣಗಳು. ಹೀಗಾದಾಗ ಏಜೆಂಟರನ್ನು ಹುಡುಕುವ ಮೊದಲು ಅದೇ ಪ್ರದರ್ಶನಕ್ಕೆ ಇಂಗ್ಲಿಷ್ ಪುಟ ಬೇರೆ ಇದೆಯೇ ನೋಡಿ. ಕಬುಕಿ ನಾಟಕಕ್ಕೂ ಹೊರದೇಶದವರಿಗಾಗಿ ಇಂಗ್ಲಿಷ್ ಬುಕಿಂಗ್ ಪುಟವಿದೆ.

ಬೆಲೆ ಎಷ್ಟು? ಮಿಯಾಕೊ ಒಡೊರಿಗೆ ಇತ್ತೀಚಿನ ವರ್ಷಗಳಲ್ಲಿ ಸೀಟಿನ ದರ್ಜೆ ನೋಡಿ ಸುಮಾರು 4,000ದಿಂದ 7,000 ಯೆನ್. ಒಂದು ಯೆನ್‌ಗೆ ಸುಮಾರು 60 ಪೈಸೆ ಎಂದು ಹಿಡಿದರೆ 2,400ರಿಂದ 4,200 ರೂಪಾಯಿ. ಇದರ ಮೇಲೆ ನಮ್ಮ ಬ್ಯಾಂಕು ಕರೆನ್ಸಿ ಬದಲಾವಣೆಯ ಶುಲ್ಕ ಸೇರಿಸುತ್ತದೆ. ದುಬಾರಿ ಟಿಕೆಟ್‌ನಲ್ಲಿ ಆಟಕ್ಕೆ ಮುಂಚೆ ಚಹಾ ಮತ್ತು ಸಿಹಿ ಸೇರಿರುತ್ತದೆ. ಸಿಹಿ ಕೊಟ್ಟ ಪುಟ್ಟ ತಟ್ಟೆಯನ್ನು ನೆನಪಿಗೆಂದು ಮನೆಗೆ ತರಬಹುದು.

ಹೇಳಿಕೆ 3: ಬೇರೆಯವರ ಟಿಕೆಟ್ ಕೊಂಡರೂ ನಡೆಯುತ್ತದೆ
ವಾಸ್ತವ: ಅಪಾಯ.

ಟಿಕೆಟ್‌ಗಳ ಕಾಳಸಂತೆಯನ್ನು ತಡೆಯಲು ಜಪಾನ್ ಕಾನೂನು ಮಾಡಿದೆ. 2019ರ ಜೂನ್ 14ರಿಂದ ಅದು ಜಾರಿಯಲ್ಲಿದೆ. ಮರುಮಾರಾಟ ನಿಷೇಧಿಸಿರುವ, ಆ ಕಾನೂನಿನ ವ್ಯಾಪ್ತಿಗೆ ಬರುವ ಟಿಕೆಟ್‌ಗಳನ್ನು ಮುಖಬೆಲೆಗಿಂತ ಹೆಚ್ಚಿಗೆ ಮಾರುವುದನ್ನೇ ದಂಧೆ ಮಾಡಿಕೊಂಡವರಿಗೆ ಒಂದು ವರ್ಷದವರೆಗೆ ಜೈಲು ಅಥವಾ 10 ಲಕ್ಷ ಯೆನ್‌ವರೆಗೆ ದಂಡ, ಇಲ್ಲವೇ ಎರಡೂ. ಕೊಂಡವರ ಕಷ್ಟ ಬೇರೆ: ಟಿಕೆಟ್ ಅಸಲಿಯೋ ನಕಲಿಯೋ ಎಂದು ತಿಳಿಯುವುದು ಬಾಗಿಲ ಬಳಿ ನಿಂತಾಗಲೇ.

ಇದಕ್ಕಿಂತ ದೊಡ್ಡ ಅಪಾಯ ನಕಲಿ ತಾಣಗಳದ್ದು. ದೇಶದೊಳಗಿನ ಪಾವತಿಗೆ ಓಟಿಪಿ ಬರುವುದು ನಮಗೆ ರೂಢಿ. ವಿದೇಶಿ ತಾಣಗಳಲ್ಲಿ ಅನೇಕ ಸಲ ಓಟಿಪಿ ಕೇಳದೆಯೇ ಹಣ ಹೋಗುತ್ತದೆ. ಕಾರ್ಡ್ ಸಂಖ್ಯೆ, ಅವಧಿ, ಹಿಂಬದಿಯ ಮೂರು ಅಂಕಿ ಇಷ್ಟೇ ಸಾಕು. ಹಾಗಾಗಿ ಫಾರ್ವರ್ಡ್‌ನಲ್ಲಿ ಬಂದ ಲಿಂಕ್ ಒತ್ತಿ ಕಾರ್ಡ್ ವಿವರ ತುಂಬಬೇಡಿ. ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಬರುವುದು ಜಾಹೀರಾತೂ ಆಗಿರಬಹುದು. ಕ್ಯೋಟೊ ನಗರದ ಪ್ರವಾಸೋದ್ಯಮ ತಾಣಕ್ಕೆ ಹೋಗಿ ಅಲ್ಲಿಂದ ಅಧಿಕೃತ ತಾಣಕ್ಕೆ ದಾಟುವುದು ಸುರಕ್ಷಿತ ದಾರಿ. ಯಾವ ರಂಗಮಂದಿರವೂ ‘ಈ ಮೊಬೈಲ್ ನಂಬರಿಗೆ ಯುಪಿಐ ಮಾಡಿ, ಟಿಕೆಟ್ ಕಳಿಸುತ್ತೇವೆ’ ಎನ್ನುವುದಿಲ್ಲ. ಹಾಗೆ ಯಾರಾದರೂ ಹೇಳಿದರೆ ಅಲ್ಲಿಗೇ ನಿಲ್ಲಿಸಿ.

ಹೇಳಿಕೆ 4: ಗೇಶಾ ನೃತ್ಯವನ್ನು ಮನೆಮಂದಿ ನೋಡಬಾರದು
ವಾಸ್ತವ: ತಪ್ಪು.

ಗೇಶಾ ಎಂಬ ಪದದ ಅರ್ಥವೇ ಕಲಾವಿದೆ. ‘ಗೇ’ ಎಂದರೆ ಕಲೆ. ಮೈಕೊ ಆದವಳು ವರ್ಷಗಟ್ಟಲೆ ನೃತ್ಯ, ಶಮಿಸೆನ್ ಎಂಬ ಮೂರು ತಂತಿಯ ವಾದ್ಯ, ಚಹಾ ವಿಧಿ ಕಲಿಯುತ್ತಾಳೆ. ಎರಡನೇ ಮಹಾಯುದ್ಧದ ನಂತರ ಜಪಾನಿನಲ್ಲಿದ್ದ ವಿದೇಶಿ ಸೈನಿಕರು ಬೇರೆ ಹೆಂಗಸರನ್ನೂ ಇದೇ ಹೆಸರಿನಿಂದ ಕರೆದದ್ದು ಈ ತಪ್ಪು ಕಲ್ಪನೆ ಹರಡಲು ಒಂದು ಕಾರಣ. ಮಿಯಾಕೊ ಒಡೊರಿಯನ್ನು ಅಜ್ಜಿ, ಮಕ್ಕಳೊಂದಿಗೆ ಧಾರಾಳವಾಗಿ ನೋಡಬಹುದು.

ಆದರೆ ಆಟದ ನಡುವೆ ಫೋಟೊ, ವಿಡಿಯೊ ತೆಗೆಯುವಂತಿಲ್ಲ. ಬೀದಿಯಲ್ಲಿ ಮೈಕೊಗಳನ್ನು ಅಡ್ಡಗಟ್ಟಿ ಫೋಟೊ ತೆಗೆಯುವವರ ಕಾಟ ಹೆಚ್ಚಿದ್ದರಿಂದ 2024ರಲ್ಲಿ ಗಿಯೊನ್‌ನ ಕೆಲವು ಖಾಸಗಿ ಓಣಿಗಳನ್ನು ಪ್ರವಾಸಿಗರಿಗೆ ಮುಚ್ಚಲಾಗಿದೆ. ಅಲ್ಲಿ 10,000 ಯೆನ್ ದಂಡದ ಫಲಕವಿದೆ.

ಬುಕ್ ಮಾಡುವಾಗ ಎಡವುವ ಜಾಗಗಳು

• ಸಮಯ: ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಬೆಳಿಗ್ಗೆ 10ಕ್ಕೆ ಮಾರಾಟ ಶುರು ಎಂದರೆ ಇಲ್ಲಿ 6.30.

• ದಿನಾಂಕ: ನಾವು ದಿನ ಮೊದಲು ಬರೆದರೆ ಅವರು ತಿಂಗಳು ಮೊದಲು ಬರೆಯುತ್ತಾರೆ. ಅವರ 4/5 ಎಂದರೆ ಏಪ್ರಿಲ್ 5. ಇದನ್ನು ಮೇ 4 ಎಂದು ಓದಿಕೊಂಡರೆ ಟಿಕೆಟ್ ವ್ಯರ್ಥ.

• ವರ್ಷ: ಕೆಲವೆಡೆ ಚಕ್ರವರ್ತಿಯ ಆಳ್ವಿಕೆಯ ವರ್ಷ ಇರುತ್ತದೆ. ‘ರೇವಾ 7’ ಎಂದರೆ 2025.

• ಮಹಡಿ: ನಮ್ಮ ನೆಲಮಹಡಿಯೇ ಅವರಿಗೆ ಒಂದನೇ ಮಹಡಿ. ಎರಡನೇ ಮಹಡಿಯ ಸೀಟಿಗೆ ಒಂದು ಮೆಟ್ಟಿಲ ಸಾಲು ಹತ್ತಿದರೆ ಸಾಕು. ಮಂಡಿನೋವಿನ ಹಿರಿಯರಿದ್ದರೆ ಇದನ್ನು ಮೊದಲೇ ನೋಡಿಕೊಳ್ಳಿ.

• ಹೆಸರು: ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ತುಂಬಿ. ನಮ್ಮಲ್ಲಿ ಹಲವರಿಗೆ ಇನಿಷಿಯಲ್ ಮಾತ್ರ ಇರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಅದು ಹೇಗೆ ಬಿಡಿಸಿ ಬರೆದಿದೆಯೋ ಹಾಗೆಯೇ ಬರೆಯಿರಿ.

• ರದ್ದತಿ: ಇಂಥ ಟಿಕೆಟ್‌ಗಳ ಹಣ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ವೀಸಾ, ವಿಮಾನದ ದಿನ ಖಚಿತವಾದ ಮೇಲೆ ಕೊಳ್ಳಿ.

ಹಣ ಹೋಗಿಬಿಟ್ಟರೆ?

ನಾಚಿಕೆಪಟ್ಟು ಸುಮ್ಮನಿರಬೇಡಿ. ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡ್ ಬ್ಲಾಕ್ ಮಾಡಿ, ಬ್ಯಾಂಕಿಗೆ ದೂರು ಕೊಡಿ. ಕೂಡಲೇ 1930 ಸಂಖ್ಯೆಗೆ ಕರೆ ಮಾಡಿ. ಇದು ಸೈಬರ್ ವಂಚನೆಗಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ. ಎಷ್ಟು ಬೇಗ ಹೇಳುತ್ತೀರೋ ಹಣ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು. ಸಂದೇಶ, ಲಿಂಕ್, ಪಾವತಿಯ ಸ್ಕ್ರೀನ್‌ಶಾಟ್ ಅಳಿಸದೆ ಇಟ್ಟುಕೊಳ್ಳಿ.

ಫಾರ್ವರ್ಡ್ ಮಾಡುವ ಮುನ್ನ

ಟಿಕೆಟ್ ಕುರಿತ ಸಂದೇಶ ಬಂದರೆ ಮೂರು ಪ್ರಶ್ನೆ ಕೇಳಿ: ಇದು ಯಾವ ವರ್ಷದ್ದು? ಲಿಂಕ್ ರಂಗಮಂದಿರದ್ದೇ ಅಥವಾ ಮಧ್ಯವರ್ತಿಯದೇ? ಹಣ ಯಾರ ಖಾತೆಗೆ ಹೋಗುತ್ತದೆ? ಒಂದಕ್ಕೆ ಉತ್ತರ ಸಿಗದಿದ್ದರೂ ಆ ಸಂದೇಶವನ್ನು ಮುಂದೆ ಕಳಿಸಬೇಡಿ. ನಿಮ್ಮ ಗುಂಪಿನಲ್ಲಿ ಯಾರಾದರೂ ಜಪಾನಿಗೆ ಹೊರಟಿದ್ದರೆ ಈ ಲೇಖನವನ್ನು ಅವರಿಗೆ ಕಳಿಸಿ.