ಚಿಪ್ಪು ಸೀಳದಂತೆ ಉಜ್ಜೋದು ಹೀಗೆ

ತೆಂಗಿನ ಚಿಪ್ಪಲ್ಲಿ ಬಟ್ಟಲು ಮಾಡೋಕೆ ಹೋಗಿ, ಗ್ರೈಂಡರ್ ಮುಟ್ಟಿಸಿದ ಕೂಡಲೇ ಅಂಚು ಸಿಡೀತಾ?

ಮಾಯಸಂದ್ರ, ತಿಪಟೂರು ಕಡೆ ಚಿಪ್ಪಿಗೇನೂ ಬರ ಇಲ್ಲ. ಆದರೆ ಉಂಡೆ ಕೊಬ್ಬರಿ ಸುಲಿದ ಚಿಪ್ಪು ಬೇಡ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ, ಆಮೇಲೆ ಮಚ್ಚಿನೇಟು ತಿಂದಿರುತ್ತೆ. ಕಣ್ಣಿಗೆ ಕಾಣದ ಸೀಳು ಆಗಲೇ ಇರಬಹುದು. ಬಲಿತ ಕಾಯನ್ನ ಹ್ಯಾಕ್ಸಾ ಬ್ಲೇಡಲ್ಲಿ ಕೊಯ್ದುಕೊಳ್ಳಿ. ತಿರುಳು ತೆಗೆದು, ನೆರಳಲ್ಲಿ ಒಣಗಿಸಿ, ಬೆರಳಲ್ಲಿ ತಟ್ಟಿ. ಠಣ್ ಅಂದರೆ ಸರಿ; ಒಡಕು ಸದ್ದು ಬಂದರೆ ಒಲೆಗೆ.

ಈಗ ಮಷೀನು. ಚಿಪ್ಪು ಗಟ್ಟಿ, ಆದರೆ ಬಗ್ಗಲ್ಲ. ಗ್ರೈಂಡರ್ ಡಿಸ್ಕಿನ ಒರಟು ಹರಳು ಆಳಕ್ಕಿಳಿದರೆ ಪುಡಿ ಉದುರೋ ಬದಲು ಬಿರುಕು ಓಡುತ್ತೆ. ಒತ್ತಿ ಹಿಡಿದರೆ ಬಿಸಿ ಏರಿ, ಅಲ್ಲಿನ ತೇವ ಆರಿ, ಚಿಪ್ಪು ಕುಗ್ಗಿ ಸೀಳುತ್ತೆ. ಅದಕ್ಕೇ ಒತ್ತಬೇಡಿ, ಸವರಿ. ಒಂದೇ ಕಡೆ ನಿಲ್ಲಿಸಬೇಡಿ. ಸುಟ್ಟ ವಾಸನೆ ಬಂತಾ? ಮಷೀನು ಆಫ್ ಮಾಡಿ, ಚಿಪ್ಪು ತಾನಾಗೇ ಆರಲಿ. ಬಿಸಿ ಚಿಪ್ಪನ್ನ ನೀರಿಗೆ ಅದ್ದಲೇಬೇಡಿ.

ಉಪ್ಪುಕಾಗದ 80ನೇ ನಂಬರಿನಿಂದ ಶುರು. ಆಮೇಲೆ 120, 220, 400. ಹಿಂದಿನ ಗೀರು ಪೂರ್ತಿ ಹೋದ ಮೇಲೇ ಮುಂದಿನದು. ತೆಳು ಅಂಚನ್ನ ಕೊನೆಗೆ ಕೈಯಲ್ಲೇ ಉಜ್ಜಿ.

ಮೂಗಿಗೆ ಮಾಸ್ಕು, ಕಣ್ಣಿಗೆ ಕನ್ನಡಕ ಇಲ್ಲದೆ ಸ್ವಿಚ್ ಒತ್ತಬೇಡಿ!