ಅಡುಗೆಮನೆಯ ಅಳತೆ ಯಾರ ಮೊಳದಲ್ಲಿ?

ಗೃಹಪ್ರವೇಶಕ್ಕೆ ಹೋದವರು ಹೊಸ ಮನೆಯಲ್ಲಿ ಏನೇನು ನೋಡುತ್ತಾರೆ, ಗಮನಿಸಿದ್ದೀರಾ? ಹಾಲಿನ ಷೋಕೇಸು, ಸೋಫಾದ ಬಟ್ಟೆ, ಪರದೆಯ ಬಣ್ಣ, ದೇವರಮನೆ ಬಾಗಿಲಿನ ಪುಟ್ಟ ಗಂಟೆಗಳು. "ಸೀಲಿಂಗು ಎಷ್ಟು ಚೆನ್ನಾಗಿ ಮಾಡ್ಸಿದೀರಿ!" ಎಂದು ಕತ್ತೆತ್ತಿ ಹೊಗಳುತ್ತಾರೆ. ಅಡುಗೆಮನೆಗೆ ಬಂದರೆ, "ಕಟ್ಟೆಗೆ ಯಾವ ಕಲ್ಲು ಹಾಕ್ಸಿದ್ರಿ?" ಎಂದು ಕೇಳಿ ಊಟಕ್ಕೆ ನಡೆಯುತ್ತಾರೆ. ಕಟ್ಟೆ ಎಷ್ಟು ಎತ್ತರವಿದೆ, ನಿಮ್ಮ ಕೈಗೆ ಸರಿಹೋಗುತ್ತದೆಯೇ ಎಂದು ಕೇಳಿದವರನ್ನು ನಾನಂತೂ ಇದುವರೆಗೆ ಕಂಡಿಲ್ಲ.

ಒಳಾಂಗಣ ವಿನ್ಯಾಸ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಅಲಂಕಾರ. ದುಡ್ಡಿದ್ದವರ ಶೋಕಿ ಎಂದು ಪುಟ ತಿರುವಿಬಿಡುವವರೂ ಉಂಟು. ಆದರೆ ಈ ವಿದ್ಯೆ ಶುರುವಾಗುವುದು ಕೆಲವು ಸಾದಾ ಪ್ರಶ್ನೆಗಳಿಂದ. ಈ ಜಾಗದಲ್ಲಿ ಯಾರು, ಯಾವ ಕೆಲಸವನ್ನು, ದಿನಕ್ಕೆ ಎಷ್ಟು ಹೊತ್ತು ಮಾಡುತ್ತಾರೆ? ಅವರ ಮೈಯಳತೆ ಏನು? ಎಲ್ಲಿಂದ ಎಲ್ಲಿಗೆ ಓಡಾಡುತ್ತಾರೆ? ಬೆಳಕು ಎಲ್ಲಿಂದ ಬೀಳುತ್ತದೆ, ಗಾಳಿ ಎಲ್ಲಿಂದ ಹಾಯುತ್ತದೆ? ಇಷ್ಟೂ ತೀರ್ಮಾನವಾದ ಮೇಲೆ ಬಣ್ಣ, ಪರದೆಯ ಮಾತು. ಈ ಪ್ರಶ್ನೆಗಳನ್ನು ಹಾಲಿನಲ್ಲಿ ಕೇಳದಿದ್ದರೆ ದೊಡ್ಡ ನಷ್ಟವೇನಿಲ್ಲ, ಸೋಫಾವನ್ನು ನಾಳೆ ಬೇರೆ ಗೋಡೆಗೆ ಸರಿಸಬಹುದು. ಅಡುಗೆಮನೆಯಲ್ಲಿ ಕೇಳದಿದ್ದರೆ ಮೂವತ್ತು ವರ್ಷ ಯಾರದೋ ಸೊಂಟ ಬೆಲೆ ಕೊಡುತ್ತದೆ. ಅದಕ್ಕೇ ಮೊದಲ ಪಾಠ ಅಲ್ಲಿಂದಲೇ ಆಗಲಿ.

ನಮ್ಮ ಹಿರಿಯರಿಗೆ ಮೈಯೇ ಅಳತೆಗೋಲಾಗಿತ್ತು. ಗೇಣು, ಮೊಳ, ಮಾರು ಎಲ್ಲವೂ ಮನುಷ್ಯನ ಕೈಯಿಂದ ಬಂದವು. ಮನೆಯ ಆಯ ಹಾಕುವಾಗ ಯಜಮಾನನ ಮೊಳ ಹಿಡಿದು ಅಳೆಯುವ ಪದ್ಧತಿಯೂ ಇತ್ತು. ಯಜಮಾನಿಯ ಮೊಳವನ್ನು ಯಾರೂ ಕೇಳಲಿಲ್ಲ ಅನ್ನಿ! ದೂರದ ದೇಶಗಳಲ್ಲೂ ಇದೇ ಕಥೆ. ಚಂಡೀಗಢವನ್ನು ರೂಪಿಸಿದ ಪ್ರಸಿದ್ಧ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ 'ಮಾಡ್ಯುಲೊರ್' ಎಂಬ ಅಳತೆಯ ಪದ್ಧತಿಯನ್ನು ಹೊರತಂದಾಗ ಅದಕ್ಕೆ ಮಾದರಿಯಾಗಿ ಇಟ್ಟುಕೊಂಡದ್ದು ಆರಡಿ ಎತ್ತರದ ಗಂಡಸನ್ನು. ನಮ್ಮ ಕಡೆಯ ಹೆಂಗಸರ ಎತ್ತರ ಹೆಚ್ಚುಕಡಿಮೆ ಐದಡಿ. ಆ ಒಂದಡಿ ವ್ಯತ್ಯಾಸ ಅಡುಗೆಕಟ್ಟೆಯ ಮುಂದೆ ನಿಂತಾಗ ಗೊತ್ತಾಗುತ್ತದೆ.

ನಮಗೆ ಪರಿಚಯದ ನಿವೃತ್ತ ಶಿಕ್ಷಕಿಯೊಬ್ಬರು ಇಡೀ ಆಯುಷ್ಯದ ಉಳಿತಾಯ ಸುರಿದು ಮನೆ ಕಟ್ಟಿಸಿದರು. ಅವರ ಎತ್ತರ ನಾಲ್ಕು ಅಡಿ ಹತ್ತು ಅಂಗುಲ. ಕಟ್ಟೆ ಸ್ವಲ್ಪ ಮೇಲಾಯಿತೇನೋ ಎಂದು ಸಂಕೋಚದಿಂದ ಕೇಳಿದ್ದಕ್ಕೆ ಮೇಸ್ತ್ರಿ, "ಎಲ್ಲಾ ಮನೇಲೂ ಮೂರಡೀನೇ ಅಮ್ಮಾವ್ರೇ, ಇದೇ ಸ್ಟ್ಯಾಂಡರ್ಡು" ಅಂದುಬಿಟ್ಟ. ಯಜಮಾನರೂ ತಲೆಯಾಡಿಸಿದರು. ಈ ಮೂರಡಿ, ಅಂದರೆ 36 ಅಂಗುಲ, ಅಮೆರಿಕದ ಅಡುಗೆಮನೆಗಳಲ್ಲಿ ರೂಢಿಯಲ್ಲಿರುವ ಎತ್ತರ. ಇನ್ನು ಲೆಕ್ಕ ಹಾಕಿ. ಕಟ್ಟೆ 36, ಅದರ ಮೇಲೆ ಗ್ಯಾಸ್ ಸ್ಟವ್ 5, ಸ್ಟವ್ ಮೇಲಿನ ಕುಕ್ಕರ್ 8. ಒಟ್ಟು 49 ಅಂಗುಲ. ಕುಕ್ಕರಿನ ಬಾಯಿ ಆಕೆಯ ಹೆಗಲಿಗಿಂತ ಮೇಲೆ! ಒಳಗೆ ಬೇಳೆ ಬೆಂದಿದೆಯೋ ಇಲ್ಲವೋ ನೋಡಲು ಹಿಮ್ಮಡಿ ಎತ್ತಬೇಕು, ಸೌಟು ಆಡಿಸಲು ತೋಳನ್ನು ರೆಕ್ಕೆಯ ಹಾಗೆ ಎತ್ತಿ ಹಿಡಿಯಬೇಕು. ಎರಡು ವರ್ಷಕ್ಕೆ ಬಲಭುಜ ಹಿಡಿದುಕೊಂಡಿತು. "ವಯಸ್ಸಾಯ್ತಲ್ಲ, ಇನ್ನೇನು" ಎಂದು ಎಣ್ಣೆ ತಿಕ್ಕಿಕೊಂಡರು. ಕಟ್ಟೆಯ ಮೇಲೆ ಯಾರಿಗೂ ಅನುಮಾನವೇ ಬರಲಿಲ್ಲ.

ಹಾಗಾದರೆ ಸರಿಯಾದ ಎತ್ತರ ಯಾವುದು? ಚಪ್ಪಲಿ ಬಿಟ್ಟು ನೆಟ್ಟಗೆ ನಿಂತು, ತೋಳನ್ನು ಮೈಗೆ ಅಂಟಿಸಿಕೊಂಡು, ಮೊಣಕೈಯನ್ನು ಮಡಚಿ. ಮಗಳಿಗೋ ಮಗನಿಗೋ ಟೇಪು ಕೊಟ್ಟು ನೆಲದಿಂದ ಮೊಣಕೈಯವರೆಗೆ ಅಳೆಸಿ. ಅದರಿಂದ ನಾಲ್ಕೈದು ಅಂಗುಲ ಕಳೆದರೆ ತರಕಾರಿ ಹೆಚ್ಚುವ ಕಟ್ಟೆಯ ಎತ್ತರ. ಐದಡಿಯವರಿಗೆ ಮೊಣಕೈ ಸುಮಾರು 38 ಅಂಗುಲಕ್ಕೆ ಬರುತ್ತದೆ, ಕಟ್ಟೆ 33ರಿಂದ 34 ಸಾಕು.

ಆದರೆ ಎಲ್ಲ ಕೆಲಸಕ್ಕೂ ಒಂದೇ ಎತ್ತರ ಸಲ್ಲುವುದಿಲ್ಲ. ಇದನ್ನು ಮಾತ್ರ ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಿ. ರಾಗಿಮುದ್ದೆ ತೊಳಸುವುದನ್ನೇ ನೋಡಿ. ಮುದ್ದೆಕೋಲಿಗೆ ಹೆಗಲಿನಿಂದ ಭಾರ ಬಿಡಬೇಕು. ನೆಲದ ಒಲೆಯ ಮುಂದೆ ಕೂತು, ಪಾತ್ರೆಯನ್ನು ಕವೆಕೋಲಿನಿಂದ ಒತ್ತಿ ಹಿಡಿದು ತೊಳಸುತ್ತಿದ್ದ ನಮ್ಮ ಅಜ್ಜಿಯರಿಗೆ ಆ ಭಾರ ತಾನಾಗಿ ಸಿಗುತ್ತಿತ್ತು. ಎದೆಯೆತ್ತರದ ಪಾತ್ರೆಯಲ್ಲಿ ಮುದ್ದೆ ಗಂಟಾಗದೆ ಇನ್ನೇನಾದೀತು? ಉತ್ತರ ಕರ್ನಾಟಕದ ಜೋಳದ ರೊಟ್ಟಿ ತಟ್ಟುವುದೂ ಹೀಗೇ, ಅಂಗೈಗೆ ಮೇಲಿನಿಂದ ಬಲ ಬೇಕು. ಚಪಾತಿ ಲಟ್ಟಿಸುವುದಕ್ಕೂ ಅಷ್ಟೆ. ಆದ್ದರಿಂದ ಒಲೆ ಇಡುವ ಭಾಗವನ್ನು ಉಳಿದ ಕಟ್ಟೆಗಿಂತ ಐದಾರು ಅಂಗುಲ ತಗ್ಗಿಸಿ ಕಟ್ಟಿಸಿ. ಮೇಸ್ತ್ರಿ ಮುಖ ಸಿಂಡರಿಸಿದರೆ ಸಿಂಡರಿಸಲಿ. ಐದಡಿಯವರಿಗೆ 28 ಅಂಗುಲದ ಒಲೆಕಟ್ಟೆಯಾದರೆ ಕುಕ್ಕರಿನ ಬಾಯಿ 41ಕ್ಕೆ ನಿಲ್ಲುತ್ತದೆ. ಒಂದು ಎಚ್ಚರಿಕೆ: ಸ್ಟವ್ ಯಾವಾಗಲೂ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು. ಅಷ್ಟು ಅಂತರ ಬಿಟ್ಟೇ ತಗ್ಗಿಸಿ.

ಸಿಂಕಿನದು ಇದಕ್ಕೆ ತದ್ವಿರುದ್ಧ. ಸಿಂಕಿನ ತಳ ಕಟ್ಟೆಗಿಂತ ಏಳೆಂಟು ಅಂಗುಲ ಕೆಳಗೆ. ಪಾತ್ರೆ ಉಜ್ಜುವ ಕೈ ಅಲ್ಲಿಯವರೆಗೆ ಇಳಿಯಬೇಕಾದರೆ ಬೆನ್ನು ಬಾಗಲೇಬೇಕು. ಅದನ್ನು ಎರಡು ಮೂರು ಅಂಗುಲ ಏರಿಸಿ ಕೂರಿಸಿದರೆ ಬೆನ್ನು ಉಳಿಯುತ್ತದೆ. ಒಲೆ ಕೆಳಗೆ, ಸಿಂಕು ಮೇಲೆ ಆದರೆ ಕಟ್ಟೆ ಒಂದೇ ಗೆರೆಯಲ್ಲಿ ಬರುವುದಿಲ್ಲ, ನೋಡಲು ಅಷ್ಟು ಅಂದವಲ್ಲ ಎನ್ನುವವರಿದ್ದಾರೆ. ಅಂಥವರಿಗೆ ಒಂದು ವಾರ ಪಾತ್ರೆ ತೊಳೆಯಲು ಕೊಡಬೇಕು.

ಅತ್ತೆ ಗಿಡ್ಡ, ಸೊಸೆ ಎತ್ತರ ಆದರೆ? ಎತ್ತರದವರಿಗೆ ತಕ್ಕಂತೆ ಕಟ್ಟಿಸಿ, ಗಿಡ್ಡ ಇರುವವರಿಗೆ ಕಟ್ಟೆಯುದ್ದಕ್ಕೂ ಬರುವಂಥ ಅಗಲವಾದ ಹಲಗೆಯನ್ನು ಕಾಲಡಿಗೆ ಹಾಕಿ. ಸಣ್ಣ ಮಣೆ ಬೇಡ, ಮರೆತು ಹೆಜ್ಜೆಯಿಟ್ಟರೆ ಕಾಲು ಉಳುಕುತ್ತದೆ. ಅಂದಹಾಗೆ ಯಜಮಾನರ ಮೊಣಕೈಯನ್ನೂ ಅಳೆದಿಡಿ. ಅವರೂ ಅಡುಗೆ ಮಾಡಲಿ ಎಂಬ ಆಸೆಯಿದ್ದರೆ ಇದೇ ಸಮಯ!

ಹೆಜ್ಜೆಯ ಲೆಕ್ಕ

ಎತ್ತರದ ನಂತರ ಓಡಾಟ. ಈ ಲೆಕ್ಕ ತೆಗೆದ ಒಬ್ಬ ಹೆಣ್ಣುಮಗಳ ಕಥೆ ನಮ್ಮ ಓದುಗರಿಗೆ ಗೊತ್ತಿರಬೇಕು. ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ 1897ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದರು. ಆಸ್ಟ್ರಿಯಾದಲ್ಲಿ ವಾಸ್ತುಶಿಲ್ಪ ಕಲಿತ ಮೊದಮೊದಲ ಹೆಂಗಸರಲ್ಲಿ ಅವರೂ ಒಬ್ಬರು. ಮೊದಲನೆಯ ಮಹಾಯುದ್ಧ ಮುಗಿದು ಮನೆಗಳಿಗೆ ತತ್ವಾರವಾಗಿದ್ದ ಕಾಲ. ಜರ್ಮನಿಯ ಫ್ರಾಂಕ್‌ಫರ್ಟ್ ನಗರ ಸಾಮಾನ್ಯ ಜನರಿಗೆ ಸಾವಿರಗಟ್ಟಲೆ ಮನೆ ಕಟ್ಟಿಸುತ್ತಿತ್ತು. 1926ರಲ್ಲಿ ಆ ಮನೆಗಳ ಅಡುಗೆಕೋಣೆಯ ಹೊಣೆ ಈಕೆಗೆ ಬಂತು. ತಮಾಷೆಯೆಂದರೆ ಆಕೆಗೆ ಸಂಸಾರ ನಡೆಸಿ, ಅಡುಗೆ ಮಾಡಿ ಅಭ್ಯಾಸವಿರಲಿಲ್ಲ. ಅದನ್ನು ಆಕೆಯೇ ಹೇಳಿಕೊಂಡಿದ್ದರು. ಹಾಗಾಗಿ ರೂಢಿಯನ್ನು ನಂಬದೆ ಗಡಿಯಾರವನ್ನು ನಂಬಿದರು. ಯಾವ ಕೆಲಸಕ್ಕೆ ಎಷ್ಟು ನಿಮಿಷ, ಎಷ್ಟು ಹೆಜ್ಜೆ ಎಂದು ಲೆಕ್ಕವಿಟ್ಟರು. ರೈಲಿನ ಊಟದ ಬೋಗಿಯಲ್ಲಿ, ಅಷ್ಟು ಇಕ್ಕಟ್ಟಿನಲ್ಲಿ, ಅಷ್ಟೊಂದು ಜನಕ್ಕೆ ಹೇಗೆ ಬೇಯಿಸುತ್ತಾರೆ ಎಂದು ನೋಡಿ ಕಲಿತರು.

ಹೀಗೆ ಹುಟ್ಟಿದ 'ಫ್ರಾಂಕ್‌ಫರ್ಟ್ ಅಡುಗೆಮನೆ' ಸುಮಾರು 6¼ ಅಡಿ ಅಗಲ, 11¼ ಅಡಿ ಉದ್ದ. ಅಷ್ಟರಲ್ಲೇ ಕೂತು ಹೆಚ್ಚಲು ತಿರುಗುವ ಸ್ಟೂಲು, ಗೋಡೆಗೆ ಮಡಚಿಡುವ ಇಸ್ತ್ರಿ ಹಲಗೆ, ಬೇಕಾದ ಕಡೆ ಸರಿಸಿಕೊಳ್ಳುವ ದೀಪ, ಅಕ್ಕಿ-ಸಕ್ಕರೆಗೆ ಹೆಸರು ಬರೆದ ಅಲ್ಯೂಮಿನಿಯಂ ಡಬ್ಬಿಗಳು. ಹಿಟ್ಟಿನದು ಮಾತ್ರ ಓಕ್ ಮರದ್ದು, ಹುಳು ಹಿಡಿಯಬಾರದೆಂದು. ಸುಮಾರು 10,000 ಮನೆಗಳಿಗೆ ಇದನ್ನು ಹಾಕಿದರು. ಇಂದು ಲಕ್ಷಗಟ್ಟಲೆ ಕೊಟ್ಟು ಹಾಕಿಸುವ ಮಾಡ್ಯುಲರ್ ಕಿಚನ್ನಿಗೆ ಇದೇ ಅಜ್ಜಿ. ಆ ಧೀರೆ ಹಿಟ್ಲರನ ಆಡಳಿತವನ್ನು ಎದುರಿಸಿ 1941ರಿಂದ 1945ರವರೆಗೆ ಸೆರೆಯಲ್ಲಿದ್ದರು, 2000ದಲ್ಲಿ 102 ವರ್ಷದವರಾಗಿ ತೀರಿಕೊಂಡರು.

ಹಾಗೆಂದು ಅದನ್ನು ಇದ್ದಹಾಗೇ ನಕಲು ಮಾಡುವುದು ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಒಬ್ಬರಿಗೇ ಜಾಗ. ಹೆಂಗಸನ್ನು ಒಂಟಿಯಾಗಿ ಕೂಡಿಹಾಕಿದಂತಾಯಿತು ಎಂಬ ಟೀಕೆ ಮುಂದೆ ಅವರ ದೇಶದಲ್ಲೇ ಬಂತು. ನಮ್ಮಲ್ಲಿ ಒಬ್ಬರು ಒಗ್ಗರಣೆ ಹಾಕುವಾಗ ಇನ್ನೊಬ್ಬರು ಕಾಯಿ ತುರಿಯುತ್ತಾ, ಮಗು ಮೂಲೆಯಲ್ಲಿ ಪಾಠ ಒಪ್ಪಿಸುತ್ತಾ ಇರುತ್ತದೆ. ಒಂದು ಕುರ್ಚಿಗೆ ಜಾಗವಿಲ್ಲದ ಅಡುಗೆಮನೆ ಎಷ್ಟು ಚುರುಕಾಗಿದ್ದರೇನು? ಆಕೆಯ ಲೆಕ್ಕದ ರೀತಿಯನ್ನು ಮಾತ್ರ ತೆಗೆದುಕೊಳ್ಳೋಣ.

ನಿಮ್ಮ ಸಿಂಕಿಗೂ ಒಲೆಗೂ ನಡುವೆ ಬೇಡದ ಹತ್ತಡಿ ಇದೆ ಎಂದಿಟ್ಟುಕೊಳ್ಳಿ. ಹೋಗಿ ಬಂದರೆ ಇಪ್ಪತ್ತಡಿ. ದಿನಕ್ಕೆ ಅರವತ್ತು ಸಲ ಹೋಗಿಬಂದರೆ 1200 ಅಡಿ. ವರ್ಷಕ್ಕೆ ಸುಮಾರು 133 ಕಿಲೋಮೀಟರ್. ಬೆಂಗಳೂರಿನಿಂದ ಬರಿಗಾಲಲ್ಲಿ ಹೊರಟವಳು ಹೆಚ್ಚುಕಡಿಮೆ ಮೈಸೂರು ಮುಟ್ಟಿದಳು, ಅದೂ ಬಿಸಿ ಪಾತ್ರೆ ಹಿಡಿದುಕೊಂಡು! ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 1940ರ ದಶಕದಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ಸಾಮಾನು ಇಡುವ ಜಾಗ, ಸಿಂಕು, ಒಲೆ ಈ ಮೂರನ್ನು ಗೆರೆಯಿಂದ ಸೇರಿಸಿದರೆ ಬರುವ ತ್ರಿಕೋನದ ಒಂದೊಂದು ಬಾಹುವೂ 4ರಿಂದ 9 ಅಡಿಯೊಳಗೆ, ಮೂರೂ ಸೇರಿ 26 ಅಡಿ ಮೀರದಂತೆ ಇರಬೇಕು. ನಮ್ಮಲ್ಲಿ ಹಿತ್ತಲಿನ ನಲ್ಲಿಯೂ ಸೇರಿ ಎಷ್ಟೋ ಸಲ ಚೌಕೋನವೇ ಆಗುತ್ತದೆ, ಆ ಮಾತು ಬೇರೆ. ಒಂದು ಹಾಳೆಯ ಮೇಲೆ ನಿಮ್ಮ ಅಡುಗೆಮನೆಯನ್ನು ಗೀಚಿ, ಬೆಳಗಿನ ಒಂದು ಹೊತ್ತಿನ ಉಪ್ಪಿಟ್ಟು-ಕಾಫಿಗೆ ಎಲ್ಲೆಲ್ಲಿ ಓಡಾಡಿದಿರೋ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಗೆರೆ ಸಿಕ್ಕುಸಿಕ್ಕಾದ ಕಡೆ ಏನೋ ಒಂದು ಡಬ್ಬಿ ತಪ್ಪು ಜಾಗದಲ್ಲಿದೆ ಎಂದೇ ತಿಳಿಯಿರಿ. ಇದಕ್ಕೆ ಕಾಸಿನ ಖರ್ಚಿಲ್ಲ.

ದಿಕ್ಕಿನ ವಿಚಾರ ಬಂದರೆ ನೂರು ಜನ ಬಾಯಿ ಹಾಕುತ್ತಾರೆ. ಆಗ್ನೇಯದಲ್ಲೇ ಒಲೆ, ಪೂರ್ವಕ್ಕೇ ಮುಖ. ಇರಲಿ, ಮನೆಯ ಹಿರಿಯರ ಮನಸ್ಸು ನೋಯಿಸುವುದೇಕೆ? ಪೂರ್ವದ ಕಿಟಕಿಯಿಂದ ಬೆಳಗಿನ ಬಿಸಿಲೂ ಸಿಗುತ್ತದೆ. ಕಿಟಕಿ ಒಲೆಯ ನೇರಕ್ಕೆ ಬೇಡ, ಉರಿ ಆರೀತು. ಹೆಚ್ಚುವ ಜಾಗದ ಮುಂದಿರಲಿ. ದೀಪದ ವಿಚಾರದಲ್ಲಿ ಮಾತ್ರ ಎಲ್ಲರ ಮನೆಯಲ್ಲೂ ಅದೇ ತಪ್ಪು. ಟ್ಯೂಬ್‌ಲೈಟು ಬೆನ್ನ ಹಿಂದಿನ ಗೋಡೆಯಲ್ಲಿರುತ್ತದೆ, ನಮ್ಮ ನೆರಳು ನಾವು ಹೆಚ್ಚುವ ಬೀನ್ಸಿನ ಮೇಲೇ ಬೀಳುತ್ತದೆ. ಕಟ್ಟೆಯ ಮೇಲೆ, ನಮ್ಮ ಮುಂದೆ, ಷೆಲ್ಫಿನ ಅಡಿಗೆ ಒಂದು ದೀಪ ಹಾಕಿಸಿದರೆ ಅಕ್ಕಿಯಲ್ಲಿನ ಕಲ್ಲು ತಾನಾಗಿ ಕಾಣುತ್ತದೆ. ಹೊಗೆ ತೆಗೆಯುವ ಫ್ಯಾನು ಒಲೆಗೆ ಹತ್ತಿರ, ಮೇಲ್ಗಡೆ ಇರಲಿ. ಅಡುಗೆ ಅನಿಲವಾದರೋ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಆದ್ದರಿಂದ ನೆಲಮಟ್ಟದಲ್ಲೂ ಒಂದು ಜಾಲರಿ ಕಿಂಡಿ ಬೇಕು. ಸೌದೆ ಒಲೆ ಇನ್ನೂ ಇರುವ ಮನೆಗಳಲ್ಲಿ ಹೊಗೆಕೊಳವೆಯೇ ಮೊದಲ ಒಳಾಂಗಣ ವಿನ್ಯಾಸ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ತಂಡ ರೂಪಿಸಿದ ಅಸ್ತ್ರ ಒಲೆ, ಕಡಿಮೆ ಸೌದೆಯಲ್ಲಿ ಉರಿದು ಹೊಗೆಯನ್ನು ಕೊಳವೆಯಿಂದ ಹೊರಹಾಕಿ ಹಳ್ಳಿಯ ಎಷ್ಟೋ ಹೆಂಗಸರ ಕಣ್ಣಿಗೆ ತಂಪು ತಂದಿತ್ತು.

ಬಾಡಿಗೆ ಮನೆಯವರು ಕಟ್ಟೆ ಒಡೆಸುವಂತಿಲ್ಲ, ನಿಜ. ಕಟ್ಟೆ ಎತ್ತರವಾದರೆ ಕಾಲಡಿಗೆ ಹಲಗೆ, ತಗ್ಗಾದರೆ ದಪ್ಪನೆಯ ಹೆಚ್ಚುಮಣೆ. ಸಿಂಕಿನಲ್ಲಿ ಒಂದು ಬೋಗುಣಿ ಕವುಚಿ ಅದರ ಮೇಲೆ ಪಾತ್ರೆ ಇಟ್ಟು ಉಜ್ಜಿ. ದಿನವೂ ಬೇಕಾದದ್ದು ಮೊಣಕಾಲಿನಿಂದ ಕಣ್ಣಿನ ಮಟ್ಟದೊಳಗೆ, ಭಾರವಾದದ್ದು ಸೊಂಟದ ಮಟ್ಟದಲ್ಲಿ. ಅಟ್ಟಕ್ಕೆ ಹಬ್ಬದ ಪಾತ್ರೆ ಮಾತ್ರ.

ಹೊಸದಾಗಿ ಕಟ್ಟಿಸುವವರು ಕಲ್ಲು ಕೂರಿಸುವ ಹಿಂದಿನ ದಿನ ಸ್ವತಃ ಹೋಗಿ. ಇಟ್ಟಿಗೆ ಪೇರಿಸಿ, ಮೇಲೊಂದು ಹಲಗೆ ಇಟ್ಟು, ಮನೆಯಿಂದ ಒಯ್ದ ಸ್ಟವ್, ಕುಕ್ಕರ್ ಇಟ್ಟು ಸೌಟು ಆಡಿಸಿ ನೋಡಿ. ಮಣೆ ಇಟ್ಟು ಲಟ್ಟಣಿಗೆ ಉರುಳಿಸಿ. ಕೆಲಸದವರು ನಕ್ಕರೆ ನೀವೂ ನಗಿ. ಭುಜ ಮೇಲೇಳದೆ, ಬೆನ್ನು ಬಾಗದೆ ಕೈಯಾಡಿದ ಎತ್ತರಕ್ಕೆ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯಿರಿ, ಒಲೆಗೆ ಒಂದು, ಹೆಚ್ಚುವುದಕ್ಕೆ ಒಂದು, ಸಿಂಕಿಗೆ ಒಂದು. ನೆಲಕ್ಕೆ ಇನ್ನೂ ಟೈಲ್ಸ್ ಹಾಕಿಲ್ಲದಿದ್ದರೆ ಗಾರೆ, ಟೈಲ್ಸ್ ಸೇರಿ ನೆಲ ಸುಮಾರು ಎರಡು ಅಂಗುಲ ಮೇಲೇಳುತ್ತದೆ. ಅಷ್ಟನ್ನು ಕೂಡಿಸಿಕೊಂಡು ಗೆರೆ ಹಾಕಿ, ಕಟ್ಟೆಕಲ್ಲಿನ ದಪ್ಪ ಗೆರೆಯ ಕೆಳಗೇ ಬರಬೇಕೆಂದು ಮೇಸ್ತ್ರಿಗೆ ಎರಡು ಸಲ ಹೇಳಿ.