ಒಳತುದಿ ಹಿಡಿದ ಪ್ರತಿಕಾಯ, ಹೊರತುದಿ ಹಿಡಿದ ಅಣು

ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಪತ್ತೆಯಾದ ಬಳಿಕ ಶಸ್ತ್ರಚಿಕಿತ್ಸೆ, ವಿಕಿರಣ, ಹಾರ್ಮೋನು ಚಿಕಿತ್ಸೆಗಳಲ್ಲಿ ಯಾವುದು ತಕ್ಕುದೆಂದು ನಿರ್ಧರಿಸಲು, ರೋಗವು ಗ್ರಂಥಿಯೊಳಗೇ ಇದೆಯೋ ದುಗ್ಧಗ್ರಂಥಿಗಳಿಗೂ ಮೂಳೆಗಳಿಗೂ ಹರಡಿದೆಯೋ ಎಂಬುದು ಮೊದಲು ತಿಳಿಯಬೇಕು. ದಶಕಗಳ ಕಾಲ ಇದಕ್ಕೆ ಆಧಾರವಾಗಿದ್ದವು ಸಿ.ಟಿ. ಸ್ಕ್ಯಾನ್ ಮತ್ತು ಬೋನ್ ಸ್ಕ್ಯಾನ್. ದುಗ್ಧಗ್ರಂಥಿಯನ್ನು ಮುಖ್ಯವಾಗಿ ಗಾತ್ರದಿಂದ ಅಳೆಯುವ ಸಿ.ಟಿ.ಗೆ, ಊದಿಕೊಳ್ಳದ ಗ್ರಂಥಿಯಲ್ಲಿ ಅಡಗಿದ ರೋಗ ಕಾಣುತ್ತಿರಲಿಲ್ಲ. ಬೋನ್ ಸ್ಕ್ಯಾನ್ ತೋರಿಸುತ್ತಿದ್ದುದಂತೂ ಕ್ಯಾನ್ಸರನ್ನಲ್ಲ, ಅದಕ್ಕೆ ಮೂಳೆ ತೋರುವ ಪ್ರತಿಕ್ರಿಯೆಯನ್ನು.

ಕ್ಯಾನ್ಸರ್ ಕೋಶವನ್ನೇ ಗುರುತಿಸುವ ದಾರಿ ತೆರೆದದ್ದು 1987ರಲ್ಲಿ, ಅಮೆರಿಕದ ಬಫಲೊ ನಗರದ ರಾಸ್‌ವೆಲ್ ಪಾರ್ಕ್ ಸಂಸ್ಥೆಯ ಹೊರೊಶೆವಿಚ್ ಮತ್ತು ಸಂಗಡಿಗರು ಪ್ರಾಸ್ಟೇಟ್ ಕೋಶಗಳಿಗೆ ಅಂಟುವ ಪ್ರತಿಕಾಯವೊಂದನ್ನು ರೂಪಿಸಿದಾಗ. ಅದು ಹಿಡಿಯುತ್ತಿದ್ದುದು ಕೋಶದ ಪೊರೆಯಲ್ಲಿ ನೆಲೆಸಿದ ಪಿ.ಎಸ್.ಎಂ.ಎ. ಎಂಬ ಪ್ರೋಟೀನನ್ನು, ರಕ್ತಪರೀಕ್ಷೆಯಲ್ಲಿ ಅಳೆಯುವ ಪಿ.ಎಸ್.ಎ. ಬೇರೆಯೇ ವಸ್ತು. ಆ ಪ್ರತಿಕಾಯಕ್ಕೆ ವಿಕಿರಣಶೀಲ ಇಂಡಿಯಂ ಕಟ್ಟಿ ತಯಾರಿಸಿದ ಪ್ರಾಸ್ಟಸಿಂಟ್‌ಗೆ 1996ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತರೂ ಚಿತ್ರಗಳು ಮಸುಕಾಗಿಯೇ ಉಳಿದವು. ದೋಷವಿದ್ದದ್ದು ಹಿಡಿತದ ಜಾಗದಲ್ಲಿ. 750 ಅಮೈನೊ ಆಮ್ಲಗಳ ಈ ಪ್ರೋಟೀನಿನಲ್ಲಿ 707 ಪೊರೆಯ ಹೊರಗೆ ಚಾಚಿದ್ದರೂ ಪ್ರತಿಕಾಯವು ಅಂಟುತ್ತಿದ್ದುದು ಒಳಗಿನ ಚಿಕ್ಕ ತುದಿಗೆ; ಹೀಗಾಗಿ ಅದು ಮುಖ್ಯವಾಗಿ ಸಾಯುತ್ತಿರುವ, ಪೊರೆ ಹರಿದ ಕೋಶಗಳನ್ನಷ್ಟೇ ತಲುಪುತ್ತಿತ್ತು.

ಈ ತೊಡಕನ್ನು ಬಿಡಿಸುವ ಸುಳಿವು ಬಂದದ್ದು, ವಿಚಿತ್ರವೆಂಬಂತೆ, ಮಿದುಳಿನ ಸಂಶೋಧನೆಯಿಂದ. ನರಕೋಶಗಳ ಸಂದೇಶವಾಹಕವೊಂದನ್ನು ಸೀಳುವ ಕಿಣ್ವವೂ ಪಿ.ಎಸ್.ಎಂ.ಎ.ಯೂ ಒಂದೇ ಎಂದು ಅದೇ 1996ರಲ್ಲಿ ತಿಳಿದುಬಂದ ಮೇಲೆ, ಆ ಕಿಣ್ವವನ್ನು ತಡೆಯಲೆಂದು ರೂಪಿಸಿದ್ದ ಪುಟ್ಟ ಅಣುಗಳು ಪ್ರಾಸ್ಟೇಟ್ ಚಿತ್ರಣಕ್ಕೂ ಒದಗಿದವು. ಇವು ಪ್ರೋಟೀನಿನ ಹೊರಭಾಗಕ್ಕೆ ಬೀಗದೊಳಗಿನ ಕೀಲಿಯಂತೆ ಕೂರುತ್ತವೆ, ಅಂಟದೆ ಉಳಿದದ್ದು ರಕ್ತದಿಂದ ಬೇಗ ತೊಲಗುತ್ತದೆ. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಮಾರ್ಟಿನ್ ಪಾಂಪರ್ ಈ ದಾರಿಯಲ್ಲಿ ಮುನ್ನಡೆದರೆ, ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಗ್ಯಾಲಿಯಂ-68 ಕಟ್ಟಿದ ಪಿ.ಎಸ್.ಎಂ.ಎ.-11 ಅನ್ನು 2011ರಲ್ಲಿ ರೋಗಿಗಳಲ್ಲಿ ಬಳಸಲಾಯಿತು. ಗ್ಯಾಲಿಯಂ ಹೊರಸೂಸುವ ಪಾಸಿಟ್ರಾನ್ ಕಣವು ಎಲೆಕ್ಟ್ರಾನಿನೊಡನೆ ಕೂಡಿ ಅಳಿದಾಗ ಹುಟ್ಟುವ ಗಾಮಾ ಕಿರಣಗಳ ಜೋಡಿಯನ್ನು ಹಿಡಿದು ಪೆಟ್ ಯಂತ್ರವು ರೋಗದ ನೆಲೆಯನ್ನು ಗುರುತಿಸುತ್ತದೆ. ಗ್ಯಾಲಿಯಂ-68ರ ಅರ್ಧಾಯುಷ್ಯ 68 ನಿಮಿಷ ಮಾತ್ರವಾದರೂ ಜರ್ಮೇನಿಯಂ ತುಂಬಿದ ಚಿಕ್ಕ ಜನರೇಟರಿನಿಂದ ಆಸ್ಪತ್ರೆಯಲ್ಲೇ ಅದನ್ನು ಪಡೆಯಬಹುದಾದ್ದರಿಂದ ವಿಕಿರಣಶೀಲ ವಸ್ತು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಇಲ್ಲದ ಕಡೆಗೂ ಸ್ಕ್ಯಾನ್ ಹಬ್ಬಿತು.

ಆಸ್ಟ್ರೇಲಿಯಾದಲ್ಲಿ ಹೆಚ್ಚಿನ ಅಪಾಯದ 302 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರೊಪಿ.ಎಸ್.ಎಂ.ಎ. ಪ್ರಯೋಗದಲ್ಲಿ ಹೊಸ ಸ್ಕ್ಯಾನಿನ ನಿಖರತೆ ಶೇ 92, ಹಳೆಯ ಜೋಡಿಯದು ಶೇ 65. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕವೂ ಇದಕ್ಕೆ ಅನುಮತಿ ನೀಡಿತು.

ಆದರೆ ನಿಖರತೆ ಹೆಚ್ಚಿದಷ್ಟಕ್ಕೇ ಯೋಜನೆ ಸುಲಭವಾಗಲಿಲ್ಲ. ಇಂದಿನ ಚಿಕಿತ್ಸಾ ನಿಯಮಗಳಲ್ಲಿ ಬಹುಪಾಲು ರೂಪುಗೊಂಡದ್ದು ಹಳೆಯ ಸ್ಕ್ಯಾನ್‌ಗಳ ಪ್ರಕಾರ ವಿಂಗಡಿಸಿದ ರೋಗಿಗಳ ಮೇಲಿನ ಪ್ರಯೋಗಗಳಿಂದ. ಅಲ್ಲಿ ‘ಹರಡಿಲ್ಲ’ ಎಂಬ ಗುಂಪಿಗೆ ಸೇರಿ ಗುಣಮುಖನಾಗುತ್ತಿದ್ದ ರೋಗಿ ಈಗ ಮೂಳೆಯ ಒಂದು ಚುಕ್ಕೆಯಿಂದಾಗಿ ‘ಹರಡಿದೆ’ ಎಂಬ ಗುಂಪಿಗೆ ಸೇರಬಹುದು. ಪಕ್ಕೆಲುಬಿನ ಕೆಲವು ಚುಕ್ಕೆಗಳು ಕ್ಯಾನ್ಸರೇ ಅಲ್ಲದಿರುವುದೂ ಉಂಟು; ಆದ್ದರಿಂದ ಅಂಥದೊಂದನ್ನು ಕಂಡ ಮಾತ್ರಕ್ಕೆ ಗುಣಪಡಿಸುವ ಶಸ್ತ್ರಚಿಕಿತ್ಸೆಯನ್ನು ಕೈಬಿಡುವುದು ಆತುರದ ನಿರ್ಧಾರವಾದೀತು.